ಚಿತ್ರಮಂದಿರದ ಬಾಗಿಲೂ ಹದಿನೆಂಟರ ಗಡಿಯೂ

ಚಲಚ್ಚಿತ್ರವು ಮೊದಲಾಗುವುದಕ್ಕೆ ಮುಂಚೆ ಬೆಳ್ಳಿತೆರೆಯ ಮೇಲೆ ಒಂದು ಸರ್ಟಿಫಿಕೇಟು ಕೆಲವು ಕ್ಷಣ ಮೂಡಿ ಮರೆಯಾಗುವುದನ್ನು ವಾಚಕರೆಲ್ಲರೂ ಕಂಡಿರುವರು. ಚಿತ್ರದ ಹೆಸರು, ಭಾಷೆ, ಪರೀಕ್ಷಿಸಿದವರ ಹೆಸರುಗಳು, ಇವುಗಳ ನಡುವೆ ‘ಯು’ ಎಂದೋ ‘ಎ’ ಎಂದೋ ಒಂದು ಗುರುತು ಅದರಲ್ಲಿರುತ್ತದೆ. ಹಿರಿಯರು ಅದನ್ನು ಓದುವ ಗೋಜಿಗೆ ಹೋಗುವುದಿಲ್ಲ. ಹದಿಮೂರಕ್ಕೂ ಹದಿನೆಂಟಕ್ಕೂ ನಡುವೆ ಇರುವ ಹುಡುಗ ಹುಡುಗಿಯರಿಗಾದರೋ ಅದು ಟಿಕೆಟಿನ ಬೆಲೆಗಿಂತಲೂ ದೊಡ್ಡ ವಿಷಯ. ಒಳಕ್ಕೆ ಹೋಗುವುದೋ ಹೊರಗೆ ನಿಲ್ಲುವುದೋ ಎಂಬುದು ಆ ಅಕ್ಷರದಿಂದಲೇ ತೀರ್ಮಾನವಾಗುತ್ತದೆ, ಅಥವಾ ತೀರ್ಮಾನವಾಗಬೇಕೆಂಬುದು ಕಾಯಿದೆಯ ಆಶಯ.

ಬೆಂಗಳೂರಿನ ಪೂರ್ವದಿಕ್ಕಿನಲ್ಲಿ ಕೃಷ್ಣರಾಜಪುರಕ್ಕೂ ಮಾರತ್ತಹಳ್ಳಿಗೂ ನಡುವೆ ಇರುವ ದೊಡ್ಡನೆಕ್ಕುಂದಿಯಂಥ ಊರಿನಲ್ಲಿ ನಿಂತು ನೋಡಿದರೆ ಈ ಅಕ್ಷರದ ಚರಿತ್ರೆಯು ಚೆನ್ನಾಗಿ ಮನಸ್ಸಿಗೆ ಹತ್ತುತ್ತದೆ. ಇಂದು ಹೊರವರ್ತುಲ ರಸ್ತೆಯೂ ಕಾರ್ಖಾನೆಗಳೂ ಎತ್ತರದ ಮನೆಸಾಲುಗಳೂ ಸುತ್ತುವರಿದಿರುವ ಈ ಸ್ಥಳವು ಬಹುಕಾಲ ಕೆರೆಯನ್ನೂ ಹೊಲಗಳನ್ನೂ ನಂಬಿದ್ದ ಮೈಸೂರು ಸಂಸ್ಥಾನದ ಹಳ್ಳಿಯಾಗಿದ್ದಿತು. ಪಶ್ಚಿಮಕ್ಕೆ ಸುಮಾರು ಏಳು ಮೈಲಿ ಹೋದರೆ ಹಲಸೂರು. ಅಲ್ಲಿಗೆ ಕಾಲಿಟ್ಟೊಡನೆ ಮಹಾರಾಜರ ಆಡಳಿತವು ಮುಗಿದು ಬ್ರಿಟಿಷ್ ರೆಸಿಡೆಂಟರ ಆಡಳಿತವು ಮೊದಲಾಗುತ್ತಿದ್ದಿತು. ೧೯೪೭ನೆಯ ಇಸವಿ ಜುಲೈ ೨೬ರಂದು ದಂಡು ಮೈಸೂರಿಗೆ ಮರಳಿ ಸೇರುವ ವರೆಗೂ ಹೀಗೆಯೇ ನಡೆದಿತು. ಶಿವಾಜಿನಗರದ ಎಲ್ಗಿನ್, ಬೆಂಗಳೂರು ರೈಫಲ್ ವಾಲಂಟಿಯರ್ ದಳದ ಹೆಸರನ್ನು ಇಂದಿಗೂ ನೆನಪಿಗೆ ತರುವ ಬಿ. ಆರ್. ವಿ., ೧೯೩೬ರಲ್ಲಿ ಸೌತ್ ಪೆರೇಡಿನಲ್ಲಿ, ಎಂದರೆ ಈಗಿನ ಮಹಾತ್ಮಾ ಗಾಂಧಿ ರಸ್ತೆಯಲ್ಲಿ, ತೆರೆದ ಪ್ಲಾಜಾ ಇವು ದಂಡಿನ ಹೆಸರಾಂತ ಚಿತ್ರಮಂದಿರಗಳು. ಪೇಟೆಯ ಕಡೆ ೧೯೩೪ನೆಯ ಇಸವಿ ಮಾರ್ಚ್ ೩ರಂದು ಪ್ಯಾರಾಮೌಂಟಿನಲ್ಲಿ ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನಾ’ ತೆರೆಕಂಡಿತು. ಆ ಕಾಲದಲ್ಲಿ ಪೂರ್ವದ ಹಳ್ಳಿಯಿಂದ ನಡೆದೋ ಗಾಡಿಯಲ್ಲಿಯೋ ಬಂದ ಬಾಲಕನ ಅಂಗೈಯಲ್ಲಿ ಕಾಸಿದ್ದರೆ ಸಾಕಾಗಿದ್ದಿತು. ಚಿತ್ರಗಳ ಮೇಲೆ ವಯಸ್ಸಿನ ಗುರುತೇ ಇರಲಿಲ್ಲ.

ಹಾಗೆಂದು ಚಿತ್ರಗಳಿಗೆ ಅಂಕೆಯಿರಲಿಲ್ಲವೆಂದು ತಿಳಿಯಬಾರದು. ಬ್ರಿಟಿಷ್ ಇಂಡಿಯಾದಲ್ಲಿ ೧೯೧೮ರಲ್ಲಿಯೇ ಸಿನಿಮಟೋಗ್ರಾಫ್ ಕಾಯಿದೆಯು ಹುಟ್ಟಿತು. ೧೯೨೦ರಲ್ಲಿ ಮುಂಬಯಿ, ಕಲ್ಕತ್ತ, ಮದರಾಸು, ರಂಗೂನುಗಳಲ್ಲಿ ಪರೀಕ್ಷಕ ಮಂಡಲಿಗಳು ಏರ್ಪಟ್ಟುವು. ಆ ಮಂಡಲಿಗಳ ಮುಂದಿದ್ದುದು ಒಂದೇ ಪ್ರಶ್ನೆ: ಈ ಚಿತ್ರವು ಸಾರ್ವಜನಿಕ ಪ್ರದರ್ಶನಕ್ಕೆ ತಕ್ಕುದೋ ಅಲ್ಲವೋ? ಸಾರ್ವಜನಿಕರೆಂದರೆ ತಾಯಿಯ ತೊಡೆಯ ಮೇಲಿನ ಮಗುವೂ ಹೌದು, ಊರುಗೋಲಿನ ಅಜ್ಜನೂ ಹೌದು. ೧೯೨೭ರಲ್ಲಿ ಮದರಾಸಿನ ವಕೀಲರಾದ ದಿವಾನ್ ಬಹದ್ದೂರ್ ಟಿ. ರಂಗಾಚಾರ್ಯರ ಅಧ್ಯಕ್ಷತೆಯಲ್ಲಿ ಸರ್ಕಾರದವರು ಒಂದು ವಿಚಾರಣಾ ಸಮಿತಿಯನ್ನು ನೇಮಿಸಿದರು. ದೇಶವನ್ನೆಲ್ಲ ಸುತ್ತಿ ೩೫೩ ಮಂದಿ ಸಾಕ್ಷಿಗಳನ್ನು ಕೇಳಿದ ಆ ಸಮಿತಿಯು ಎಳೆಯರ ಮನಸ್ಸಿನ ಮೇಲೆ ಚಿತ್ರಗಳ ಪರಿಣಾಮವೇನೆಂಬುದನ್ನೂ ವಿಚಾರಿಸಿತು. ಆದರೂ ವಯಸ್ಸನ್ನು ಹಿಡಿದು ಚಿತ್ರಗಳನ್ನು ಬೇರ್ಪಡಿಸುವ ಏರ್ಪಾಡು ಬರಲು ಮತ್ತೆ ಇಪ್ಪತ್ತು ವರ್ಷಗಳು ಹಿಡಿದುವು.

ಇಂಗ್ಲೆಂಡಿನಲ್ಲಿಯಾದರೋ ೧೯೧೨ರಲ್ಲಿ ಸ್ಥಾಪಿತವಾದ ಮಂಡಲಿಯು ಮರುವರ್ಷದಿಂದಲೇ ‘ಯು’, ‘ಎ’ ಎಂಬ ಎರಡು ಗುರುತುಗಳನ್ನು ಬಳಸತೊಡಗಿತ್ತು. ಇಂಡಿಯಾಕ್ಕೆ ಆ ಅಕ್ಷರಗಳು ಬಂದುದು ಅಲ್ಲಿಂದಲೇ. ಆದರೆ ಬರುವಾಗ ದಾರಿಯಲ್ಲಿ ಅವುಗಳ ಅರ್ಥವು ಬದಲಾಯಿತು. ಅಲ್ಲಿ ‘ಎ’ ಚಿತ್ರಕ್ಕೆ ತಂದೆತಾಯಿಗಳ ಜೊತೆಯಲ್ಲಿ ಬಂದ ಬಾಲಕನಿಗೆ ಪ್ರವೇಶವಿರುವ ಪದ್ಧತಿಯು ನೆಲೆಗೊಂಡಿತ್ತು. ಇಲ್ಲಿ ೧೯೪೯ರ ತಿದ್ದುಪಡಿಯು ‘ಎ’ ಅಕ್ಷರವನ್ನು ಮುಚ್ಚಿದ ಬಾಗಿಲನ್ನಾಗಿ ಮಾಡಿತು. ಹದಿನೆಂಟು ತುಂಬದವನು ತಂದೆಯ ಕೈಹಿಡಿದು ಬಂದರೂ ಒಳಕ್ಕೆ ಬರಕೂಡದು.

ಈ ನಿಬಂಧನೆಯನ್ನು ಮಕ್ಕಳ ರಕ್ಷಣೆಗಾಗಿ ಮಾಡಿದರೆಂದು ಸಾಮಾನ್ಯವಾಗಿ ಹೇಳುವುದುಂಟು. ಅದು ಅರ್ಧ ಮಾತ್ರ ನಿಜ. ಒಂದೇ ಸರ್ಟಿಫಿಕೇಟು ಇದ್ದಾಗ ಪರೀಕ್ಷಕರ ಕೈಯಲ್ಲಿದ್ದುವು ಎರಡೇ ಉಪಾಯಗಳು: ಕತ್ತರಿ, ಇಲ್ಲವೆ ನಿಷೇಧ. ಹತ್ತು ವರ್ಷದ ಹುಡುಗನು ನೋಡಬಾರದುದನ್ನು ನಲವತ್ತರ ಗೃಹಸ್ಥನೂ ನೋಡುವಂತಿರಲಿಲ್ಲ. ‘ಎ’ ಎಂಬುದು ದೊರೆತ ಮೇಲೆ ದೊಡ್ಡವರಿಗೆ ಗಂಭೀರವಾದ, ಕೆಲವೊಮ್ಮೆ ಗಂಭೀರವಲ್ಲದ, ಚಿತ್ರಗಳನ್ನು ತೋರಿಸಲು ಎಡೆಯಾಯಿತು. ಹಿರಿಯರಿಗೆ ಹೆಚ್ಚಿದ ಈ ಸ್ವಾತಂತ್ರ್ಯಕ್ಕೆ ಬೆಲೆ ತೆತ್ತವರು ಹದಿಮೂರರಿಂದ ಹದಿನೇಳರ ವರೆಗಿನವರು. ಐದು ವರ್ಷದ ಮಗುವನ್ನೂ ಹದಿನೇಳೂವರೆಯ ತರುಣನನ್ನೂ ಕಾಯಿದೆಯು ಒಂದೇ ಗುಂಪಿಗೆ ಸೇರಿಸಿತು.

ಅದೇ ೧೯೪೯ನೆಯ ಇಸವಿಯಲ್ಲಿ ಶಾರದಾ ಕಾಯಿದೆಗೂ ತಿದ್ದುಪಡಿಯಾಗಿ ಹೆಣ್ಣಿನ ವಿವಾಹದ ವಯಸ್ಸು ೧೪ರಿಂದ ೧೫ಕ್ಕೆ ಏರಿತೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಅದು ೧೮ಕ್ಕೆ ಏರಿದುದು ೧೯೭೮ರಲ್ಲಿ. ಈ ನಡುವಣ ಕಾಲದಲ್ಲಿ ಹದಿನೈದರ ಹುಡುಗಿಯು ಮದುವೆಯಾಗಿ, ಹದಿನಾರಕ್ಕೆ ತಾಯಿಯಾಗಿ, ಸಂಸಾರದ ಸಕಲ ಭಾರವನ್ನೂ ಹೊರಬಹುದಾಗಿದ್ದಿತು. ದಾಂಪತ್ಯದ ಕಥೆಯುಳ್ಳ ‘ಎ’ ಚಿತ್ರವನ್ನು ಗಂಡನೊಡನೆ ಕುಳಿತು ನೋಡುವಂತಿರಲಿಲ್ಲ. ಸರ್ಕಾರದ ಒಂದು ಕೈ ಬರೆದುದನ್ನು ಇನ್ನೊಂದು ಕೈ ಓದಿರಲಿಲ್ಲವೆಂದು ತೋರುತ್ತದೆ.

ಹದಿನೆಂಟು ತುಂಬಿತೆಂಬುದಕ್ಕೆ ಪ್ರಮಾಣವೇನು? ಹಳ್ಳಿಗಳ ವಿಷಯದಲ್ಲಿ ಈ ಪ್ರಶ್ನೆಗೆ ಉತ್ತರವು ಸುಲಭವಾಗಿರಲಿಲ್ಲ. ಜನನ ಮರಣಗಳ ನೋಂದಣಿಗೆ ದೇಶಕ್ಕೆಲ್ಲ ಅನ್ವಯಿಸುವ ಕಾಯಿದೆಯಾದುದೇ ೧೯೬೯ರಲ್ಲಿ. ಅದಕ್ಕೆ ಮುಂಚೆ, ಅನಂತರವೂ ಎಷ್ಟೋ ಕಾಲ, ಮಗು ಹುಟ್ಟಿದುದನ್ನು ಹಬ್ಬದ ಹಿಂದುಮುಂದು, ರಾಗಿ ಕೊಯ್ಲಿನ ಸಮಯ ಎಂದು ನೆನಪಿಟ್ಟುಕೊಳ್ಳುತ್ತಿದ್ದರು. ಶಾಲೆಗೆ ಸೇರಿಸುವ ದಿನ ಮೇಷ್ಟರು ಒಂದು ತಾರೀಖನ್ನು ಬರೆದುಕೊಳ್ಳಬೇಕಾಗಿ ಬರುತ್ತಿದ್ದಿತು. ಹಾಗಾಗಿಯೇ ಕನ್ನಡ ನಾಡಿನಲ್ಲಿ ಜೂನ್ ೧ರಂದು ಹುಟ್ಟಿದವರ ಸಂಖ್ಯೆಯು ಸೋಜಿಗಪಡುವಷ್ಟು ದೊಡ್ಡದು. ಆ ತಾರೀಖೇ ಮುಂದೆ ಎಸ್. ಎಸ್. ಎಲ್. ಸಿ. ಅಂಕಪಟ್ಟಿಯನ್ನು ಸೇರಿ ಶಾಶ್ವತವಾಗುತ್ತಿದ್ದಿತು. ಮೇಷ್ಟರ ಲೇಖನಿಯ ಒಂದು ಗೀಟಿನಿಂದ ಹುಡುಗನು ಒಂದು ವರ್ಷ ಮೊದಲೋ ತಡವಾಗಿಯೋ ಪ್ರಾಪ್ತವಯಸ್ಕನಾದುದುಂಟು.

ಆದರೂ ಟಿಕೆಟಿನ ಕಿಟಕಿಯ ಬಳಿಗೆ ಅಂಕಪಟ್ಟಿಯನ್ನು ಒಯ್ದವರು ಯಾರು? ಹದಿನೆಂಟು ತುಂಬಿದವನೇ ವಯಸ್ಕನೆಂದು ೧೯೫೨ರ ಸಿನಿಮಟೋಗ್ರಾಫ್ ಕಾಯಿದೆಯೂ ಸ್ಪಷ್ಟವಾಗಿ ಹೇಳಿತು. ಅದನ್ನು ಮೀರಿದರೆ ಶಿಕ್ಷೆಯು ಬರುವುದು ಪ್ರದರ್ಶಕನಿಗೆ, ಒಳಹೊಕ್ಕ ಹುಡುಗನಿಗಲ್ಲ. ಮೇಲಾಗಿ ಸಂವಿಧಾನವು ಈ ಕೆಲಸವನ್ನು ಎರಡಾಗಿ ಹಂಚಿತು: ಚಿತ್ರಕ್ಕೆ ಅಕ್ಷರವನ್ನು ಕೊಡುವ ಅಧಿಕಾರ ಕೇಂದ್ರದ್ದು, ಚಿತ್ರಮಂದಿರಕ್ಕೆ ಲೈಸೆನ್ಸು ಕೊಡುವ ಅಧಿಕಾರ ರಾಜ್ಯದ್ದು. ಎಲ್ಲೋ ದೂರದಲ್ಲಿ ಗೊತ್ತಾದ ಅಕ್ಷರವು ಹಲಸೂರಿನ ಬಾಗಿಲಿಗೆ ಬರುವ ಹೊತ್ತಿಗೆ ಅದರ ಭಾರವೆಲ್ಲ ಗೇಟಿನವನ ಕಣ್ಣಿನ ಮೇಲೆ ಬೀಳುತ್ತಿದ್ದಿತು. ಅವನಿಗೆ ಸಾಕ್ಷಿಯೆಂದರೆ ಚಿಗುರುಮೀಸೆ, ಪಂಚೆ ಅಥವಾ ಪ್ಯಾಂಟು, ಎತ್ತರ, ದನಿ. ಬೇಗ ಬೆಳೆದ ಹದಿನೈದರ ಹುಡುಗನು ಒಳಗೆ. ಸಣಕಲು ಮೈಯ ಹತ್ತೊಂಬತ್ತರವನು ಹೊರಗೆ. ಅರ್ಧ ಮಂದಿರ ಖಾಲಿಯಿದ್ದ ಬೆಳಗಿನ ಆಟದಲ್ಲಿ ಗೇಟಿನವನ ದೃಷ್ಟಿಯು ಇನ್ನಷ್ಟು ಮಂದವಾಗುತ್ತಿದ್ದುದು ಲೋಕವೇ ಬಲ್ಲ ಸಂಗತಿ. ಭಿತ್ತಿಪತ್ರದ ಮೇಲೆ ‘ಎ’ ಅಕ್ಷರವನ್ನು ಚಿತ್ರದ ಹೆಸರಿಗಿಂತ ದೊಡ್ಡದಾಗಿ ಅಚ್ಚುಹಾಕಿಸುವ ಜಾಣತನವೂ ಬೆಳೆಯಿತು. ಬರಬೇಡವೆಂಬ ಸೂಚನೆಯೇ ಬನ್ನಿರೆಂಬ ಕರೆಯಾಯಿತು. ಇದೆಲ್ಲವೂ ಗಂಡುಹುಡುಗರ ಮಾತು. ಹೆಣ್ಣುಮಕ್ಕಳ ವಿಷಯದಲ್ಲಿ ಗೇಟಿನವನಿಗೆ ಕೆಲಸವೇ ಇರಲಿಲ್ಲ. ಅವರ ತೀರ್ಮಾನವು ಮನೆಯ ಹೊಸ್ತಿಲಲ್ಲಿಯೇ ಆಗಿಹೋಗಿರುತ್ತಿದ್ದಿತು.

ಮುಂಬಯಿಯ ವೇಶ್ಯಾವಾಟಿಕೆಯ ದೃಶ್ಯಗಳಿದ್ದ ತಮ್ಮ ಸಾಕ್ಷ್ಯಚಿತ್ರಕ್ಕೆ ‘ಯು’ ಕೊಡದುದರಿಂದ ಖ್ವಾಜಾ ಅಹ್ಮದ್ ಅಬ್ಬಾಸರು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ೧೯೭೦ರಲ್ಲಿ ಮುಖ್ಯ ನ್ಯಾಯಾಧೀಶ ಹಿದಾಯತುಲ್ಲಾ ಅವರ ಪೀಠವು ಚಿತ್ರಗಳ ಪೂರ್ವಪರೀಕ್ಷೆಯನ್ನೂ ವಯಸ್ಸಿನ ವಿಂಗಡಣೆಯನ್ನೂ ಎತ್ತಿಹಿಡಿಯಿತು. ಚಲಿಸುವ ಚಿತ್ರವು ಬೇರೆ ಕಲೆಗಳಿಗಿಂತ ಹೆಚ್ಚಾಗಿ ಭಾವಗಳನ್ನು ಕಲಕುತ್ತದೆಂಬುದು, ಅದರಲ್ಲಿಯೂ ಎಳೆಯರಲ್ಲಿ ಹಾಗೆಂಬುದು, ಪೀಠದ ಅಭಿಪ್ರಾಯ. ಗಡಿಯು ಹದಿನೆಂಟರಲ್ಲಿಯೇ ನಿಂತಿತು.

ಗಡಿಯಲ್ಲಿ ಮೊದಲ ಬಾರಿ ಒಂದು ದಿಡ್ಡಿಬಾಗಿಲು ತೆರೆದುದು ೧೯೮೩ರಲ್ಲಿ. ‘ಯುಎ’ ಎಂಬ ಮೂರನೆಯ ಗುರುತು ಬಂದಿತು: ಯಾರೂ ನೋಡಬಹುದು, ಹನ್ನೆರಡಕ್ಕೆ ಕೆಳಗಿನವರ ವಿಷಯದಲ್ಲಿ ತಂದೆತಾಯಿಗಳು ವಿವೇಚಿಸತಕ್ಕದ್ದು. ಇಂಗ್ಲೆಂಡಿನಿಂದ ಬರುವಾಗ ದಾರಿಯಲ್ಲಿ ಬಿದ್ದುಹೋಗಿದ್ದ ತಂದೆತಾಯಿಗಳು ಮೂವತ್ತನಾಲ್ಕು ವರ್ಷಗಳ ಮೇಲೆ ಹೀಗೆ ಮತ್ತೆ ಕಾಣಿಸಿಕೊಂಡರು. ಮಂಡಲಿಯ ಹೆಸರಿನಲ್ಲಿದ್ದ ‘ಸೆನ್ಸಾರ್’ ಎಂಬ ಶಬ್ದವೂ ಆಗಲೇ ಹೋಯಿತು.

ಇಷ್ಟರಲ್ಲಿ ದೊಡ್ಡನೆಕ್ಕುಂದಿಯ ಸುತ್ತಣ ಲೋಕವೇ ಬೇರೆಯಾಗಿತ್ತು. ೨೦೦೭ರಲ್ಲಿ ಆ ಪ್ರದೇಶವು ಬೆಂಗಳೂರಿನ ಮಹಾನಗರ ಪಾಲಿಕೆಗೆ ಸೇರಿತು. ೨೦೧೧ರಲ್ಲಿ ನೆರೆಯ ಮಹದೇವಪುರದಲ್ಲಿ ಫೀನಿಕ್ಸ್ ಮಾರುಕಟ್ಟೆಯೂ ಅದರೊಳಗೆ ಅನೇಕ ತೆರೆಗಳ ಚಿತ್ರಮಂದಿರವೂ ಎದ್ದುವು. ದಂಡಿನ ಪ್ಲಾಜಾ ೨೦೦೫ರಲ್ಲಿಯೇ ಮುಚ್ಚಿತ್ತು. ಬ್ರಿಗೇಡ್ ರಸ್ತೆಯ ರೆಕ್ಸ್ ೨೦೧೮ರ ಕೊನೆಗೆ ಮುಚ್ಚಿತು. ಏಳು ಮೈಲಿ ಹೋಗಬೇಕಾಗಿದ್ದ ಹುಡುಗನ ಬಳಿಗೆ ತೆರೆಯೇ ನಡೆದುಬಂದಿತು. ಆದರೆ ಹೊಸ ಮಂದಿರದ ಬಾಗಿಲಲ್ಲಿ ಮೀಸೆಯ ಸಾಕ್ಷಿಯು ನಡೆಯುವುದಿಲ್ಲ. ಸಂಶಯ ಬಂದರೆ ಆಧಾರ್ ಚೀಟಿಯನ್ನು ಕೇಳುತ್ತಾರೆ. ಹುಟ್ಟಿದ ತಾರೀಖು ಪ್ರತಿಯೊಬ್ಬನ ಮೊಬೈಲಿನಲ್ಲಿಯೇ ಇರುವಾಗ ಮರೆತುಬಂದೆನೆಂಬ ನೆಪವೂ ಉಳಿದಿಲ್ಲ. ೧೯೪೯ರಲ್ಲಿ ಕಾಗದದ ಮೇಲೆ ಎಳೆದ ಗೆರೆಯು ನಿಜವಾಗಿ ನೆಲದ ಮೇಲೆ ಮೂಡಿದುದು ಈ ಕಾಲದಲ್ಲಿಯೇ ಎಂದರೆ ತಪ್ಪಾಗದು.

ಅದರ ಪರಿಣಾಮವನ್ನು ಎರಡು ಚಿತ್ರಗಳಿಂದ ತಿಳಿಯಬಹುದು. ಬೆಂಗಳೂರಿನದೇ ಒಂದು ಸಂಸ್ಥೆಯು ಪ್ರಶಾಂತ್ ನೀಲ್ ಅವರ ನಿರ್ದೇಶನದಲ್ಲಿ ತಯಾರಿಸಿದ ‘ಕೆಜಿಎಫ್’ ಎರಡನೆಯ ಭಾಗವು ೨೦೨೨ರ ಏಪ್ರಿಲಿನಲ್ಲಿ ‘ಯುಎ’ ಗುರುತಿನಿಂದ ತೆರೆಕಂಡಿತು. ಅದೇ ಸಂಸ್ಥೆ, ಅದೇ ನಿರ್ದೇಶಕರು ತಂದ ‘ಸಲಾರ್’ ೨೦೨೩ರ ಡಿಸೆಂಬರಿನಲ್ಲಿ ‘ಎ’ ಗುರುತನ್ನು ಪಡೆಯಿತು. ಎರಡರಲ್ಲಿಯೂ ಕಾದಾಟಕ್ಕೆ ಕೊರತೆಯಿಲ್ಲ. ಮೊದಲನೆಯದನ್ನು ಹದಿನಾಲ್ಕರಲ್ಲಿ ನ್ಯಾಯವಾಗಿ ನೋಡಿದ ಹುಡುಗನು ಎರಡನೆಯದರ ಹೊತ್ತಿಗೆ ಹದಿನೈದು ದಾಟಿ ಇನ್ನಷ್ಟು ಬಲಿತಿದ್ದನು. ಬಾಗಿಲು ಮಾತ್ರ ಮುಚ್ಚಿತ್ತು. ಪರೀಕ್ಷಕರಿಗೆ ತಮ್ಮ ಕಾರಣಗಳಿರಬಹುದು. ಅವು ಬಾಗಿಲಲ್ಲಿ ನಿಂತ ಹುಡುಗನಿಗೆ ತಿಳಿಯುವಂತೆ ಎಲ್ಲಿಯೂ ಬರೆದಿರುವುದಿಲ್ಲ. ತಂದೆ, ತಾಯಿ, ತಂಗಿಯರೊಡನೆ ಬಂದವನೊಬ್ಬನಿಗೆ ಹದಿನೇಳು ಎಂದಾದರೆ ಸಂಸಾರವೆಲ್ಲ ಹಿಂದಿರುಗಬೇಕು. ಆದುದರಿಂದಲೇ ಈ ಒಂದಕ್ಷರವು ನಿರ್ಮಾಪಕರ ಲೆಕ್ಕದಲ್ಲಿ ಕೋಟಿಗಳ ಮಾತಾಗಿದೆ. ೨೦೨೫ರಲ್ಲಿ ರಜನೀಕಾಂತರ ‘ಕೂಲಿ’ ಚಿತ್ರಕ್ಕೆ ‘ಎ’ ದೊರೆತಾಗ ನಿರ್ಮಾಪಕರು ಮದರಾಸಿನ ಹೈಕೋರ್ಟಿಗೆ ಹೋದರು. ನ್ಯಾಯಾಲಯವು ಅವರ ಕೋರಿಕೆಯನ್ನು ಒಪ್ಪಲಿಲ್ಲ.

ಹದಿಹರೆಯದವರನ್ನು ಶಿಶುಗಳಿಂದ ಬೇರ್ಪಡಿಸಿ ನೋಡಿದುದು ೨೦೨೩ರ ತಿದ್ದುಪಡಿ. ‘ಯುಎ’ ಎಂಬುದನ್ನು ೭, ೧೩, ೧೬ ಎಂಬ ಮೂರು ಮೆಟ್ಟಿಲುಗಳಾಗಿ ಅದು ಒಡೆಯಿತು. ಈ ಮೆಟ್ಟಿಲುಗಳು ತಂದೆತಾಯಿಗಳ ಅಥವಾ ಪೋಷಕರ ತಿಳಿವಳಿಕೆಗಾಗಿ ಮಾತ್ರ, ಅವರಲ್ಲದೆ ಬೇರೆ ಯಾರೂ ಇವನ್ನು ಜಾರಿಗೆ ತರತಕ್ಕದ್ದಲ್ಲ ಎಂದು ಕಾಯಿದೆಯೇ ಹೇಳುತ್ತದೆ. ಎಂದರೆ ಹದಿನಾರರ ಗುರುತುಳ್ಳ ಚಿತ್ರಕ್ಕೆ ಬಂದ ಹದಿನಾಲ್ಕರವನನ್ನು ಆ ಗುರುತಿನ ಬಲದಿಂದ ಗೇಟಿನವನು ತಡೆಯಲಾರನು. ಹದಿನೆಂಟರ ಗೆರೆಯಾದರೋ ಮೊದಲಿನಷ್ಟೇ ಬಿಗಿಯಾಗಿದೆ.

ಈ ಮೂರು ಮೆಟ್ಟಿಲುಗಳೂ ಚಿತ್ರಮಂದಿರಕ್ಕಾಗಿ ಹುಟ್ಟಿದುವಲ್ಲ. ಅಂತರ್ಜಾಲದಲ್ಲಿ ಚಿತ್ರಗಳನ್ನು ಒದಗಿಸುವವರಿಗೆ ಸರ್ಕಾರವು ೨೦೨೧ರ ಫೆಬ್ರವರಿಯಲ್ಲಿ ವಿಧಿಸಿದ ನಿಯಮಗಳಲ್ಲಿ ಇವೇ ವಯಸ್ಸುಗಳು ಮೊದಲು ಬಂದುವು. ‘ಸಲಾರ್’ ಚಿತ್ರಮಂದಿರಕ್ಕೆ ಬಂದ ಮರುತಿಂಗಳೇ, ೨೦೨೪ರ ಜನವರಿಯಲ್ಲಿ, ಆ ದಾರಿಯಿಂದ ಮನೆಮನೆಯನ್ನೂ ಹೊಕ್ಕಿತು. ಅಲ್ಲಿ ಬಾಗಿಲು ಕಾಯುವುದು ತಂದೆಯು ಮೊಬೈಲಿಗೆ ಇಟ್ಟ ನಾಲ್ಕಂಕಿಯ ಗುಟ್ಟು. ಬಹುಪಾಲು ಮನೆಗಳಲ್ಲಿ ಅದನ್ನು ಇಟ್ಟುಕೊಟ್ಟವನೂ ಮಗನೇ.