ನಡುಧಾರೆಯ ಚರಿತ್ರೆ

ಲ್ಯಾಬಿನ ಕಿಟಕಿಯಲ್ಲಿ ‘ಯೂರಿನ್ ಕಲ್ಚರ್’ ಎಂದು ಬರೆದ ಚೀಟಿ ಕೊಟ್ಟರೆ ಒಂದು ಪ್ಲಾಸ್ಟಿಕ್ ಡಬ್ಬಿ ಸಿಗುತ್ತದೆ. ಕೊಡುವವರಿಗೆ ಪುರುಸೊತ್ತಿದ್ದರೆ ಜೊತೆಗೊಂದು ಮಾತೂ ಸಿಗುತ್ತದೆ: ಮೊದಲು ಬಂದದ್ದನ್ನು ಬಿಡಿ, ನಡುವಿನದನ್ನು ಹಿಡಿಯಿರಿ. ಐದಾರು ಪದಗಳ ಈ ಸೂಚನೆಯ ಹಿಂದೆ ಒಂದು ದೊಡ್ಡ ಕಥೆಯಿದೆ. ಮಾದರಿ ತೆಗೆಯುವ ಕೆಲಸ ವೈದ್ಯರ ಕೈಯಿಂದ ರೋಗಿಯ ಕೈಗೆ ಬಂದ ಕಥೆ ಅದು.

ಮೂತ್ರ ನೋಡಿ ರೋಗ ಹೇಳುವ ವಿದ್ಯೆ ಬಹಳ ಹಳೆಯದು. ಚರಕ, ಸುಶ್ರುತ ಸಂಹಿತೆಗಳು 20 ಬಗೆಯ ಪ್ರಮೇಹಗಳನ್ನು ಪಟ್ಟಿ ಮಾಡಿವೆ. ಮಧ್ಯಯುಗದ ಯುರೋಪಿನ ಚಿತ್ರಗಳಲ್ಲಿ ವೈದ್ಯನನ್ನು ಗುರುತಿಸುವುದೇ ಅವನ ಕೈಯಲ್ಲಿರುವ ‘ಮಟುಲಾ’ ಎಂಬ ಗಾಜಿನ ಬುರುಡೆಯಿಂದ. 1674ರಲ್ಲಿ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಮಧುಮೇಹಿಗಳ ಮೂತ್ರ ಸಿಹಿಯಾಗಿರುತ್ತದೆ ಎಂದು ಬರೆದ. ಇವರಿಗೆಲ್ಲ ಪಾತ್ರೆ ಶುಭ್ರವಾಗಿದ್ದರೆ ಸಾಕಾಗಿತ್ತು. ಬಣ್ಣ, ನೊರೆ, ವಾಸನೆ, ರುಚಿ ನೋಡುವವರಿಗೆ ಮೊದಲ ಧಾರೆಯೂ ಒಂದೇ, ನಡುಧಾರೆಯೂ ಒಂದೇ.

ಸೂಕ್ಷ್ಮಜೀವಿಗಳು ಕಣ್ಣಿಗೆ ಬಿದ್ದ ಮೇಲೆ ಲೆಕ್ಕ ಬದಲಾಯಿತು. ಪ್ರಾಣಿಯ ದೇಹದಿಂದ ನೇರವಾಗಿ, ಹೊರಗಿನದೇನೂ ಸೋಕದಂತೆ ತೆಗೆದ ಮೂತ್ರ ಕುದಿಸದೆಯೂ ಕೊಳೆಯದೆ ಉಳಿಯುತ್ತದೆ ಎಂದು 1863ರಲ್ಲಿ ಲೂಯಿ ಪಾಸ್ಟರ್ ತೋರಿಸಿದ. ಹಾಗಾದರೆ ರೋಗಿಯ ಮೂತ್ರದಲ್ಲಿ ಬ್ಯಾಕ್ಟೀರಿಯಾ ಕಂಡರೆ ಅದು ಒಳಗಿನದೋ, ಹೊರಗೆ ಬರುವ ದಾರಿಯಲ್ಲಿ ಸೇರಿದ್ದೋ? 1885ರಲ್ಲಿ ಥಿಯೋಡರ್ ಎಶರಿಕ್ ಶಿಶುಗಳ ಮಲದಲ್ಲಿ ಗುರುತಿಸಿದ ಬ್ಯಾಕ್ಟೀರಿಯಾವನ್ನು ನಾವೀಗ ಇ. ಕೋಲೈ ಎನ್ನುತ್ತೇವೆ. ಉರಿಮೂತ್ರದ ಸೋಂಕಿಗೆ ಹೆಚ್ಚಿನ ಸಲ ಕಾರಣ ಅದೇ. ಅದರ ವಾಸವೋ ಕರುಳಿನಲ್ಲಿ. ಮೂತ್ರದ್ವಾರದ ಸುತ್ತಲಿನ ಚರ್ಮದ ಮೇಲೂ ಇರುತ್ತದೆ. ಕಳ್ಳ ಹೊಸ್ತಿಲ ಪಕ್ಕದಲ್ಲೇ ಮನೆ ಮಾಡಿಕೊಂಡಿದ್ದಾನೆ. ಹೊಸ್ತಿಲಲ್ಲಿ ಸಿಕ್ಕ ಮಾತ್ರಕ್ಕೆ ಅವನು ಒಳಗೆ ನುಗ್ಗಿದ್ದ ಎನ್ನುವುದು ಹೇಗೆ?

ಗಂಡಸರ ಮಟ್ಟಿಗೆ ಒಂದು ಉಪಾಯ ಆಗಲೇ ಇತ್ತು. ಲಂಡನ್ನಿನ ಸರ್ಜನ್ ಹೆನ್ರಿ ಥಾಂಪ್ಸನ್ ಹೆಸರಿನ ‘ಎರಡು ಗ್ಲಾಸಿನ ಪರೀಕ್ಷೆ’ಯಲ್ಲಿ ಒಂದೇ ಸಲದ ಮೂತ್ರವನ್ನು ಎರಡು ಗ್ಲಾಸುಗಳಲ್ಲಿ ಹಿಡಿಯುತ್ತಿದ್ದರು. ಮೊದಲನೆಯದು ಮಾತ್ರ ಕದಡಿದ್ದರೆ ತೊಂದರೆ ಮೂತ್ರನಾಳದಲ್ಲಿ. ಎರಡೂ ಕದಡಿದ್ದರೆ ಅದಕ್ಕಿಂತ ಮೇಲೆ. ಮೊದಲ ಧಾರೆ ದಾರಿಯನ್ನು ತೊಳೆಯುತ್ತದೆ ಎಂಬ ತಿಳಿವಳಿಕೆ ಇಲ್ಲಿದೆ.

ಹೆಂಗಸರ ವಿಷಯದಲ್ಲಿ ವೈದ್ಯರು ಈ ತಿಳಿವಳಿಕೆಯನ್ನು ನಂಬಲಿಲ್ಲ. ತಾನಾಗಿ ಹೊರಬಂದ ಮೂತ್ರ ಕಲುಷಿತವೆಂದೇ ಭಾವಿಸಿ, ಕಲ್ಚರ್ ಬೇಕಾದಾಗ ಕ್ಯಾಥೆಟರ್ ಎಂಬ ತೆಳು ಕೊಳವೆಯನ್ನು ಮೂತ್ರಕೋಶದವರೆಗೆ ತೂರಿಸಿ ತೆಗೆಯುವುದು 20ನೆಯ ಶತಮಾನದ ನಡುಭಾಗದವರೆಗೂ ರೂಢಿಯಾಗಿತ್ತು. ನೋವು, ನಾಚಿಕೆ ಒಂದು ಕಡೆ. ಸೋಂಕಿದೆಯೇ ಎಂದು ನೋಡಲು ಹೋದ ಕೊಳವೆಯೇ ಹೊಸ್ತಿಲ ಬ್ಯಾಕ್ಟೀರಿಯಾವನ್ನು ಒಳಗೆ ತಳ್ಳಿ ಸೋಂಕು ತರಬಹುದಿತ್ತು ಎಂಬುದು ಇನ್ನೊಂದು ಕಡೆ. 1958ರಲ್ಲಿ ಯೇಲ್‌ನ ಪಾಲ್ ಬೀಸನ್ ‘ಕ್ಯಾಥೆಟರ್ ವಿರುದ್ಧದ ವಾದ’ ಎಂಬರ್ಥದ ತಲೆಬರಹದಲ್ಲೇ ಸಂಪಾದಕೀಯ ಬರೆದು ಈ ಅಭ್ಯಾಸವನ್ನು ಪ್ರಶ್ನಿಸಿದರು.

ಅಷ್ಟರಲ್ಲಿ ಬಾಸ್ಟನ್ ಸಿಟಿ ಆಸ್ಪತ್ರೆಯ ಎಡ್ವರ್ಡ್ ಕಾಸ್ ಬೇರೆ ದಾರಿ ಹುಡುಕಿದ್ದರು. ಯಾವ ಲಕ್ಷಣವೂ ಇಲ್ಲದ ಹೆಂಗಸರಲ್ಲೂ, ಮುಖ್ಯವಾಗಿ ಗರ್ಭಿಣಿಯರಲ್ಲಿ, ಮೂತ್ರದ ಸೋಂಕು ಅಡಗಿರುತ್ತದೆಯೇ, ಅದು ಮುಂದೆ ಮೂತ್ರಪಿಂಡಕ್ಕೆ ಏರುತ್ತದೆಯೇ ಎಂಬುದು ಅವರ ಪ್ರಶ್ನೆ. ಆರೋಗ್ಯವಾಗಿ ಕಾಣುವ ಅಷ್ಟು ಮಂದಿಗೆ ಕೊಳವೆ ಹಾಕುವುದು ಆಗದ ಮಾತು. ಕಾಸ್ ಎಣಿಸಲು ತೊಡಗಿದರು. ದಾರಿಯಲ್ಲಿ ಬೆರೆತ ಬ್ಯಾಕ್ಟೀರಿಯಾ ಸಾಮಾನ್ಯವಾಗಿ ಕಡಿಮೆ. ಮೂತ್ರಕೋಶದಲ್ಲಿ ಗಂಟೆಗಟ್ಟಲೆ ಬೆಳೆದದ್ದು ಬಹಳ ಹೆಚ್ಚು. ನಡುವೆ ಒಂದು ಗೆರೆ ಎಳೆಯಬಹುದಿತ್ತು. 1956ರಲ್ಲಿ ಅವರು ಪ್ರಕಟಿಸಿದ ಆ ಗೆರೆ ಒಂದು ಮಿಲಿಲೀಟರಿಗೆ 1 ಲಕ್ಷ. ಶುಚಿ ಮಾಡಿಕೊಂಡು ಹಿಡಿದ ಒಂದು ಮಾದರಿ ಈ ಗೆರೆ ದಾಟಿದರೆ ಸೋಂಕು ನಿಜವಾಗಿರುವ ಸಂಭವ ಸುಮಾರು 80%, ಸತತ ಎರಡು ದಾಟಿದರೆ ಸುಮಾರು 95% ಎಂದು ಅವರು ಕಂಡುಕೊಂಡರು.

ಸಾಫ್ಟ್‌ವೇರ್ ಕೆಲಸದಲ್ಲಿ ಇಂಥ ಗೆರೆಗಳನ್ನು ನಾವು ದಿನವೂ ಎಳೆಯುತ್ತೇವೆ. ಒಳಗೆ ಬರುವ ಡೇಟಾ ಸರಿಯಿರುವವರೆಗೆ ಮಾತ್ರ ಅವು ಕೆಲಸ ಮಾಡುತ್ತವೆ. ಕಾಸ್ ಗೆರೆಯೂ ಹಾಗೆಯೇ. ಇ. ಕೋಲೈ ಅನುಕೂಲ ಸಿಕ್ಕರೆ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಡಬ್ಬಿಯನ್ನು ಬಿಸಿಲಿಗೆ ಕಾದ ಸ್ಕೂಟರ್ ಡಿಕ್ಕಿಯಲ್ಲಿಟ್ಟು ಅರ್ಧ ದಿನ ಕಳೆದರೆ ಹೊಸ್ತಿಲಿನ ಕೆಲವೇ ಬ್ಯಾಕ್ಟೀರಿಯಾ ಲಕ್ಷವಾದೀತು. ಆದ್ದರಿಂದಲೇ ಎರಡು ಗಂಟೆಯೊಳಗೆ ತಲುಪಿಸಿ, ಇಲ್ಲವೇ ಫ್ರಿಜ್ಜಿನಲ್ಲಿಡಿ ಎಂಬ ಸೂಚನೆ. ಮನೆಯಲ್ಲಿ ತೊಳೆದ ಟಾನಿಕ್ ಬಾಟಲಿ ಬೇಡ ಎನ್ನುವುದಕ್ಕೂ ಕಾರಣ ಇದೇ ಬಗೆಯದು.

ಗೆರೆಯನ್ನು ಆಮೇಲೆ ತಿದ್ದಿದರು ಕೂಡ. ಉರಿ ಇರುವ ಹೆಂಗಸರಲ್ಲಿ ಮಿಲಿಲೀಟರಿಗೆ 100 ಇದ್ದರೂ ಸೋಂಕಿರಬಹುದೆಂದು 1982ರಲ್ಲಿ ವಾಲ್ಟರ್ ಸ್ಟ್ಯಾಮ್ ತಂಡ ತೋರಿಸಿತು. 2000ದಲ್ಲಿ ಬಂದ 242 ಹೆಂಗಸರ ಅಧ್ಯಯನದಲ್ಲಿ ಒರೆಸಿಕೊಂಡು ನಡುಧಾರೆ ಹಿಡಿದವರಲ್ಲೂ, ಏನೂ ಮಾಡದೆ ಹಿಡಿದವರಲ್ಲೂ ಹೆಚ್ಚುಕಡಿಮೆ 30% ಮಾದರಿಗಳು ಕಲುಷಿತವಾಗಿದ್ದವು. ಒರೆಸಿಕೊಳ್ಳುವುದರಿಂದ ಎಷ್ಟು ಲಾಭ ಎಂಬ ಚರ್ಚೆ ಇನ್ನೂ ಇದೆ. ಆರೋಗ್ಯವಂತರ ಮೂತ್ರಕೋಶದಲ್ಲೂ ಬ್ಯಾಕ್ಟೀರಿಯಾ ಇರುತ್ತವೆ ಎಂದು 2012ರಿಂದೀಚೆಗೆ ಶಿಕಾಗೋದ ಲೊಯೋಲಾ ವಿಶ್ವವಿದ್ಯಾಲಯದ ಸಂಶೋಧಕರು ಹೇಳುತ್ತಿದ್ದಾರೆ. ಹಾಗಾಗಿ ವರದಿಯ ಸಂಖ್ಯೆಯನ್ನು ರೋಗಿಯ ಲಕ್ಷಣಗಳ ಜೊತೆಗಿಟ್ಟು ಓದಬೇಕಾಗುತ್ತದೆ.

ಇಷ್ಟಾದರೂ ಕೊಳವೆಯಿಂದ ಡಬ್ಬಿಗೆ ಬಂದದ್ದು ದೊಡ್ಡ ಬಿಡುಗಡೆಯೇ. ಅದರೊಂದಿಗೆ ಪರೀಕ್ಷೆಯ ಮೊದಲ ಹಂತ ರೋಗಿಯ ಪಾಲಿಗೆ ಬಂತು. ಆಕೆಗೆ ವಿವರಿಸಿ ಹೇಳುವುದೂ ಪರೀಕ್ಷೆಯ ಭಾಗವಾಯಿತು. ನಮ್ಮ ಮನೆಗಳಲ್ಲಿ ಎಡವುವುದು ಇಲ್ಲೇ. ಊರಿನಿಂದ ಪುಣೆಗೋ ಚೆನ್ನೈಗೋ ಬಂದ ಅಮ್ಮನಿಗೆ ಕಿಟಕಿಯಾಚೆಯ ಮರಾಠಿ, ತಮಿಳು ತಿಳಿಯುವುದಿಲ್ಲ. ತಿಳಿದ ಮಗ ನಾಚಿಕೆಯಿಂದ ಡಬ್ಬಿ ಕೊಟ್ಟು ‘ಇದರಲ್ಲಿ ಹಿಡ್ಕೊಂಡು ಬಾ’ ಎಂದಷ್ಟೇ ಹೇಳುತ್ತಾನೆ. ವರದಿ ಕಲುಷಿತವೆಂದು ಬಂದರೆ ಇನ್ನೊಮ್ಮೆ ಲ್ಯಾಬು, ಇನ್ನೊಮ್ಮೆ ದುಡ್ಡು. ಸೋಂಕೆಂದು ತಪ್ಪಾಗಿ ಬಂದರೆ ಬೇಡದ ಆ್ಯಂಟಿಬಯಾಟಿಕ್.

ಹೇಳಬೇಕಾದದ್ದು ಇಷ್ಟೇ, ಮನೆಮಾತಿನಲ್ಲೇ ಹೇಳಬಹುದು: ಅಮ್ಮಾ, ಮೊದಲು ಸಾಬೂನು ಹಾಕಿ ಕೈ ತೊಳ್ಕೋ. ಕೆಳಗೆ ಮುಂದಿನಿಂದ ಹಿಂದಕ್ಕೆ ಒರೆಸ್ಕೋ. ಡಬ್ಬಿ ಒಳಗಡೆ, ಮುಚ್ಚಳದ ಒಳಗಡೆ ಬೆರಳು ತಾಗಿಸಬೇಡ. ಮೊದಲು ಬಂದದ್ದು ಸ್ವಲ್ಪ ಹೋಗ್ಲಿ, ಆಮೇಲೆ ಡಬ್ಬಿ ಒಡ್ಡು. ಅರ್ಧ ತುಂಬಿದ್ರೆ ಸಾಕು, ಉಳಿದದ್ದು ಹೊರಗೇ ಬಿಡು. ಮುಚ್ಚಳ ಗಟ್ಟಿ ಹಾಕಿ ಕೊಡು, ಈಗಲೇ ಲ್ಯಾಬಿಗೆ ಕೊಟ್ಟು ಬರೋಣ.