ಶಾಲೆಯ ಅಂಗಳಕ್ಕೆ ಬಂದ ಸಂಶೋಧನೆ

ಗೋಲ ಗುಮ್ಮಟಕ್ಕೆ ಶಾಲಾ ಪ್ರವಾಸ ಬಂದ ಮಕ್ಕಳು ಮೊದಲು ಮಾಡುವ ಕೆಲಸ ಕೂಗುವುದು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಲೇ ಹೆಸರು ಹಿಡಿದು ಕೂಗುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಮರುದನಿ ಎಷ್ಟು ಸಲ ಬಂತೆಂದು ಎಣಿಸುವಷ್ಟರಲ್ಲಿ ಇನ್ನೊಂದು ಶಾಲೆಯ ಮಕ್ಕಳ ಗದ್ದಲ ಅದರ ಮೇಲೆ ಬೀಳುತ್ತದೆ. ಊರಿಗೆ ಮರಳಿದ ಮೇಲೆ ಪುಸ್ತಕದಲ್ಲಿ ಒಂದು ವಾಕ್ಯ ಕಾದಿರುತ್ತದೆ: ಪ್ರತಿಧ್ವನಿ ಕೇಳಬೇಕಾದರೆ ಎದುರಿನ ತಡೆ ಕನಿಷ್ಠ 17 ಮೀಟರ್ ದೂರದಲ್ಲಿರಬೇಕು. ಪರೀಕ್ಷೆಗೆ ಅಷ್ಟು ಸಾಕು.

ಆದರೆ ಗುಮ್ಮಟದಲ್ಲಿ ಇನ್ನೊಂದು ಸೋಜಿಗವಿದೆ. ಗೋಡೆಗೆ ಬಾಯಿ ಹತ್ತಿರ ತಂದು ಪಿಸುಗುಟ್ಟಿದ ಮಾತು ಎದುರು ಬದಿಯಲ್ಲಿ ಕಿವಿಗೊಟ್ಟವರಿಗೆ ಸ್ಪಷ್ಟವಾಗಿ ಕೇಳುತ್ತದೆ. ಒಳಗಿನ ವ್ಯಾಸ ಸುಮಾರು 38 ಮೀಟರ್. ಆ ಸದ್ದು ನಡುವಿನ ಬಯಲನ್ನು ನೇರವಾಗಿ ದಾಟಿ ಬರುತ್ತದೆಯೇ, ಇಲ್ಲಾ ಗೋಡೆ ಹಿಡಿದು ಅರ್ಧ ಸುತ್ತು, ಅಂದರೆ ಸುಮಾರು 60 ಮೀಟರ್, ಸಾಗಿ ಬರುತ್ತದೆಯೇ? ಇದು ಮಕ್ಕಳಾಟದ ಪ್ರಶ್ನೆಯಲ್ಲ. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಇಂಥದೇ ಸುತ್ತು ಮೊಗಸಾಲೆಯ ಕುರಿತು ಲಾರ್ಡ್ ರ್‍ಯಾಲೆ ತಲೆ ಕೆಡಿಸಿಕೊಂಡಿದ್ದರು. ಸತುವಿನ ತಗಡನ್ನು ಅರ್ಧವೃತ್ತವಾಗಿ ಬಾಗಿಸಿ, ಒಂದು ತುದಿಯಲ್ಲಿ ಸೀಟಿ, ಇನ್ನೊಂದು ತುದಿಯಲ್ಲಿ ಸದ್ದಿಗೆ ನಡುಗುವ ಜ್ವಾಲೆ ಇಟ್ಟರು. ತಗಡಿನ ಒಳಮೈಗೆ ಒತ್ತಿ ಒಂದು ಕಿರಿದಾದ ಪಟ್ಟಿ ಅಡ್ಡ ಹಿಡಿದರೆ ಸಾಕು, ಜ್ವಾಲೆ ಸುಮ್ಮನಾಗುತ್ತಿತ್ತು. ಸದ್ದು ಗೋಡೆಗೆ ಅಂಟಿಕೊಂಡೇ ಬರುತ್ತದೆ ಎಂಬುದಕ್ಕೆ ಅದು ಸಾಕ್ಷಿ. ಸಿ.ವಿ. ರಾಮನ್ ಪಿಸುಗುಟ್ಟುವ ಮೊಗಸಾಲೆಗಳನ್ನು ಕುರಿತು 1922ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ನಮ್ಮ ಗುಮ್ಮಟದ ಪ್ರಸ್ತಾಪವೂ ಇದೆ. ತಗಡು, ಸೀಟಿ, ರಟ್ಟಿನ ತುಂಡು ಯಾವ ಶಾಲೆಗೂ ದುಬಾರಿಯಲ್ಲ. ಜ್ವಾಲೆಯ ಬದಲು ಮೊಬೈಲಿನ ಧ್ವನಿಮಾಪಕ ನಡೆದೀತು. ಇಷ್ಟಾದರೂ ವಿಜಯಪುರದ ಮಕ್ಕಳು ಗುಮ್ಮಟಕ್ಕೆ ಹೋಗುವುದು ಕೂಗಲಿಕ್ಕೇ.

ಮಗು ತಾನೇ ಪ್ರಶ್ನೆ ಹಾಕಿಕೊಂಡು ತಾನೇ ಉತ್ತರ ಹುಡುಕಬೇಕೆಂಬ ವಿಚಾರ ಹೊಸದೇನಲ್ಲ. ಇಂಗ್ಲೆಂಡಿನ ರಸಾಯನ ವಿಜ್ಞಾನಿ ಹೆನ್ರಿ ಆರ್ಮ್‌ಸ್ಟ್ರಾಂಗ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲೇ, ವಿದ್ಯಾರ್ಥಿಯನ್ನು ಶೋಧಕನ ಸ್ಥಾನದಲ್ಲಿ ನಿಲ್ಲಿಸಬೇಕೆಂದು ವಾದಿಸಿದ್ದರು. ಅಮೆರಿಕದ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಯೋಜನಾ ವಿಧಾನವನ್ನು ಮಂಡಿಸಿದರು. ನಮ್ಮ ಬಿ.ಎಡ್. ವಿದ್ಯಾರ್ಥಿಗಳು ಈ ಎರಡೂ ಹೆಸರುಗಳನ್ನು, ಹಂತಗಳ ಸಮೇತ, ಬಾಯಿಪಾಠ ಮಾಡಿ ಪಾಸಾಗುತ್ತಾರೆ!

ಭಾರತದ ಸರಕಾರಿ ಶಾಲೆಗಳಲ್ಲಿ ಇದನ್ನು ನಿಜವಾಗಿ ನಡೆಸಿ ತೋರಿಸಿದ್ದು ಮಧ್ಯಪ್ರದೇಶದ ಹೋಶಂಗಾಬಾದ್. 1972ರಲ್ಲಿ 16 ಶಾಲೆಗಳಲ್ಲಿ ಆರಂಭವಾದ ವಿಜ್ಞಾನ ಬೋಧನೆಯ ಕಾರ್ಯಕ್ರಮ ಮುಂದೆ ನೂರಾರು ಶಾಲೆಗಳಿಗೆ ಹಬ್ಬಿತು. ಮಕ್ಕಳು ಹೊಲ, ಹಳ್ಳ ಸುತ್ತಿ ಪ್ರಯೋಗ ಮಾಡುತ್ತಿದ್ದರು, ಪುಸ್ತಕ ತೆರೆದಿಟ್ಟುಕೊಂಡೇ ಪರೀಕ್ಷೆ ಬರೆಯುತ್ತಿದ್ದರು, ಸವಾಲಿರಾಮ್ ಎಂಬ ಕಲ್ಪಿತ ವ್ಯಕ್ತಿಗೆ ಕಾಗದ ಬರೆದು ಪ್ರಶ್ನೆ ಕೇಳುತ್ತಿದ್ದರು. ಮೂವತ್ತು ವರ್ಷ ನಡೆದ ಮೇಲೆ, 2002ರಲ್ಲಿ, ರಾಜ್ಯ ಸರಕಾರ ಅದನ್ನು ನಿಲ್ಲಿಸಿತು. ಬೇರು ಬಿಟ್ಟ ಗಿಡವನ್ನೂ ಒಂದು ಆದೇಶ ಕಿತ್ತು ಹಾಕಬಲ್ಲದು.

ಕರ್ನಾಟಕಕ್ಕೆ ಈ ಗಾಳಿ ಬೀಸಿದ್ದು ಬೇರೆ ದಾರಿಯಿಂದ. 1993ರಲ್ಲಿ ದೇಶದಾದ್ಯಂತ ಆರಂಭವಾದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವನ್ನು ನಮ್ಮ ರಾಜ್ಯದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಜಿಲ್ಲೆ ಜಿಲ್ಲೆಗೂ ಒಯ್ದಿತು. ಅದರ ನಿಯಮಗಳು ಸರಳ, ಆದರೆ ಒಂದೊಂದೂ ಶಾಲೆಯ ರೂಢಿಗೆ ವಿರುದ್ಧ. 10ರಿಂದ 17 ವರ್ಷದ ಮಕ್ಕಳು ತಂಡವಾಗಿ ತಮ್ಮ ಊರಿನದೇ ಸಮಸ್ಯೆಯೊಂದನ್ನು ಆಯ್ದುಕೊಳ್ಳಬೇಕು. ಸ್ವತಃ ಅಳೆಯಬೇಕು, ಕೇಳಬೇಕು, ದಿನಚರಿ ವಹಿಯಲ್ಲಿ ಬರೆದಿಡಬೇಕು. ತಮ್ಮ ಭಾಷೆಯಲ್ಲೇ ಮಂಡಿಸಬಹುದು. ಶಾಲೆ ಬಿಟ್ಟ ಮಕ್ಕಳಿಗೂ ಅವಕಾಶವಿತ್ತು. ಸಿದ್ಧ ಮಾದರಿಯನ್ನು ಮೇಜಿನ ಮೇಲಿಟ್ಟು ನಿಲ್ಲುವ ವಿಜ್ಞಾನ ಪ್ರದರ್ಶನಕ್ಕೂ ಇದಕ್ಕೂ ಇರುವ ಅಂತರ ಆ ವಹಿಯಲ್ಲಿದೆ. 2014ರ ಡಿಸೆಂಬರಿನಲ್ಲಿ ರಾಷ್ಟ್ರಮಟ್ಟದ ಸಮಾವೇಶ ಬೆಂಗಳೂರಿನಲ್ಲೇ ನಡೆಯಿತು.

ಸಂಶೋಧನೆ ಎಂದರೆ ದೊಡ್ಡ ಊರಿನ ದೊಡ್ಡವರ ಕೆಲಸ ಎಂಬ ಅಂಜಿಕೆಗೆ ವಿಜಯಪುರದಲ್ಲಿ ಕಾರಣವಿಲ್ಲ. ವಕೀಲಿ ಮಾಡುತ್ತಿದ್ದ ಫ.ಗು. ಹಳಕಟ್ಟಿಯವರು ಮನೆ ಮನೆಯ ಜಗುಲಿಯಿಂದ ತಾಳೆಗರಿ ಕೂಡಿಸಿ, ತಾಳೆ ನೋಡಿ, 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದದ್ದು ಇದೇ ಊರಿನಿಂದ. ಅವರಿಗೂ ಪ್ರಯೋಗಾಲಯವಿರಲಿಲ್ಲ.

ಹಾಗಾದರೆ ಕೊರತೆ ಎಲ್ಲಿ? ಸಮಾವೇಶ ಪಠ್ಯಕ್ರಮದ ಹೊರಗೇ ಉಳಿಯಿತು. ಉತ್ಸಾಹಿ ಮೇಷ್ಟ್ರು ಇರುವ ಶಾಲೆಯಿಂದ ಒಂದು ತಂಡ ಹೋಗುತ್ತದೆ, ಉಳಿದವರು ತರಗತಿಯಲ್ಲೇ ಕೂರುತ್ತಾರೆ. ಇನ್ನೊಂದೆಡೆ ನಿರಂತರ ಮೌಲ್ಯಮಾಪನದ ಹೆಸರಿನಲ್ಲಿ ಪ್ರಾಜೆಕ್ಟು ಎಲ್ಲರಿಗೂ ಕಡ್ಡಾಯವಾಯಿತು, ಅಂಕವೂ ಬಂತು. ಅಂಕ ಬಂದದ್ದೇ ತಡ, ಸ್ಟೇಷನರಿ ಅಂಗಡಿಗಳಲ್ಲಿ ಸಿದ್ಧ ಚಿತ್ರಗಳ ಹಾಳೆ ಬಂತು. ಅಪ್ಪ ಅಂಟಿಸುತ್ತಾನೆ, ಅಕ್ಕ ಬರೆಯುತ್ತಾಳೆ, ಮಗು ಒಯ್ದು ಕೊಡುತ್ತದೆ. ಥರ್ಮೋಕೋಲಿನ ಜ್ವಾಲಾಮುಖಿಗೆ ಸೋಡಾ ಸುರಿದು ನೊರೆ ಉಕ್ಕಿಸುವ ವಿದ್ಯಾರ್ಥಿಗೆ, ತನ್ನ ಊರು ಕೂತಿರುವುದೇ ಆರೂವರೆ ಕೋಟಿ ವರ್ಷದ ಹಿಂದಿನ ಲಾವಾದ ಮೇಲೆ, ಗುಮ್ಮಟ ಕಟ್ಟಿದ್ದೂ ಅದೇ ಕರಿಗಲ್ಲಿನಿಂದ ಎಂದು ಯಾರೂ ಹೇಳಿರುವುದಿಲ್ಲ. ಮೇಷ್ಟ್ರನ್ನಷ್ಟೇ ದೂರುವುದೂ ಸಲ್ಲ. ಒಬ್ಬರೇ ಗಣಿತ, ವಿಜ್ಞಾನ ಎರಡನ್ನೂ ಮುಗಿಸಬೇಕಾದ ಶಾಲೆಯಲ್ಲಿ ಅರವತ್ತು ಪ್ರಾಜೆಕ್ಟುಗಳನ್ನು ಓದುವುದೆಂದರೆ ರುಜು ಹಾಕುವುದೇ ಆಗುತ್ತದೆ. ಅದಕ್ಕಿಂತ ಕಷ್ಟದ್ದು, ತನಗೂ ಉತ್ತರ ಗೊತ್ತಿಲ್ಲ ಎಂದು ತರಗತಿಯ ಮುಂದೆ ಒಪ್ಪಿಕೊಳ್ಳುವುದು.

ಗೊತ್ತಿಲ್ಲದ ಉತ್ತರಗಳಿಗೆ ಈ ಸೀಮೆಯಲ್ಲಿ ಬರವಿಲ್ಲ. 2018ರಲ್ಲಿ ತಾಲ್ಲೂಕುಗಳಾದ ತಿಕೋಟಾ, ಬಬಲೇಶ್ವರ ಎರಡರ ಭೂಮಿಯೂ ಒಂದು ತಲೆಮಾರಿನೊಳಗೆ ಬದಲಾಗಿದೆ. ಮುಳವಾಡ ಮತ್ತು ತುಬಚಿ–ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಮೇಲೇರಿ ಬಂತು. ಬಬಲೇಶ್ವರ ತಾಲ್ಲೂಕಿನಲ್ಲಿ ಆದಿಲಶಾಹಿ ಕಾಲದ ಮಮದಾಪುರ ಕೆರೆಯಿದೆ. ಕೆರೆ ತುಂಬಿದರೆ ಸುತ್ತಲಿನ ಬಾವಿಗಳ ನೀರು ಎಷ್ಟು ಮೊಳ ಏರುತ್ತದೆ, ಎಷ್ಟು ದೂರದವರೆಗೆ, ಎಷ್ಟು ದಿನ ತಡವಾಗಿ? ಹಗ್ಗಕ್ಕೆ ಕಲ್ಲು ಕಟ್ಟಿ ವಾರಕ್ಕೊಮ್ಮೆ ಅಳೆದರೆ ಸಾಕು. ಎರೆಭೂಮಿಗೆ ಕಾಲುವೆ ನೀರು ಹೆಚ್ಚಾದಲ್ಲಿ ಸವಳು ಏರುತ್ತದೆ ಎಂಬ ಎಚ್ಚರಿಕೆ ಹಳೆಯದು. ಯಾರ ಹೊಲದಲ್ಲಿ, ಯಾವ ಮೂಲೆಯಿಂದ ಅದು ಶುರುವಾಗುತ್ತದೆ ಎಂಬುದು ದಿನವೂ ಹೊಲಕ್ಕೆ ಹೋಗುವ ಮಗುವಿನ ಕಣ್ಣಿಗೆ ಅಧಿಕಾರಿಗಿಂತ ಮೊದಲು ಬೀಳುತ್ತದೆ. ಮಳೆಗಾಲ ಕಳೆದ ಮೇಲೆ ಉಪ್ಪಾಗುವ ಡೋಣಿ ನೀರಿನದೂ ಇದೇ ಕಥೆ: ತೂಗಿದ ನೀರನ್ನು ಬಿಸಿಲಲ್ಲಿ ಆರಿಸಿ ತಳದಲ್ಲಿ ಉಳಿದ ಉಪ್ಪನ್ನು ತೂಗಿದರೆ ತಿಂಗಳಿಗೊಂದು ಅಂಕಿ ಸಿಗುತ್ತದೆ.

ತಿಕೋಟಾದಲ್ಲಿ ದ್ರಾಕ್ಷಿ. ಅದ್ದುವ ದ್ರಾವಣದಲ್ಲಿ ಮುಳುಗಿಸಿದ ಗೊನೆ ಶೆಡ್ಡಿನ ಜಾಲರಿಯ ಮೇಲೆ ಒಣಗಿ ಮಣೂಕ ಆಗಲು ಎರಡು ವಾರದ ಮೇಲೆ ಹಿಡಿಯುತ್ತದೆ. ನಾಲ್ಕು ಕಿಲೋ ಹಣ್ಣಿಗೆ ಹೆಚ್ಚುಕಡಿಮೆ ಒಂದು ಕಿಲೋ. ಮೇಲಿನ ಜಾಲರಿಯದು ಬೇಗ ಒಣಗುತ್ತದೆಯೋ ಕೆಳಗಿನದೋ, ಮೋಡ ಕವಿದ ಒಂದು ದಿನಕ್ಕೆ ಎಷ್ಟು ನಷ್ಟ? ತಕ್ಕಡಿ ಮನೆಯಲ್ಲೇ ಇದೆ, ಮನೆಯವರ ವರ್ಷದ ಗಳಿಕೆಯೂ ಆ ಜಾಲರಿಯ ಮೇಲೇ ಇದೆ.

ಇಲ್ಲೊಂದು ತೊಡಕು. ಮಣೂಕ ಒಣಗುವುದು ಫೆಬ್ರವರಿಯಿಂದ ಏಪ್ರಿಲ್ ತನಕ, ಪರೀಕ್ಷೆಯ ಹೊತ್ತಿಗೆ. ಡೋಣಿ ಅತಿ ಉಪ್ಪಾಗುವುದು ಬೇಸಿಗೆ ರಜೆಯಲ್ಲಿ. ಶಾಲೆ ತೆರೆಯುವುದು ಜೂನ್ ಹೊತ್ತಿಗೆ, ಸಮಾವೇಶದ ಜಿಲ್ಲಾ ಸುತ್ತು ದೀಪಾವಳಿಯ ಆಸುಪಾಸು. ಎಂಟನೆಯ ತರಗತಿಯ ಮಾರ್ಚಿಯಲ್ಲಿ ತೂಕ ಬರೆದಿಟ್ಟ ವಹಿ ಒಂಬತ್ತನೆಯ ತರಗತಿಯ ಅಕ್ಟೋಬರ್‌ವರೆಗೆ ಉಳಿಯಬೇಕು. ಅಷ್ಟರಲ್ಲಿ ಮೇಷ್ಟ್ರಿಗೆ ವರ್ಗವಾದರೆ ಬಂದವರ ಕೈಗೆ ಅದನ್ನು ಒಪ್ಪಿಸಬೇಕು. ಹಾಜರಿ ಪುಸ್ತಕಕ್ಕೂ ಅಂಕಪಟ್ಟಿಗೂ ಶಾಲೆಯ ಕಪಾಟಿನಲ್ಲಿ ಜಾಗವಿದೆ. ಇಂಥ ವಹಿಗೆ ಇನ್ನೂ ಇಲ್ಲ.