ಮಗಳು ಕಾಣೆಯಾದರೆ 24 ಗಂಟೆ ಕಾಯಬೇಕೇ? ಶವ ಸಿಗದಿದ್ದರೆ ಕೊಲೆ ಕೇಸ್ ನಿಲ್ಲುವುದೇ ಇಲ್ಲವೇ?

ನಂಜನಗೂಡಿನಲ್ಲಿ ಒಬ್ಬ ಯುವತಿ ಕೆಲಸಕ್ಕೆಂದು ಹೋದವಳು ಮನೆಗೆ ಬರಲಿಲ್ಲ ಎಂದುಕೊಳ್ಳಿ. ಕೆಲವು ದಿನಗಳ ನಂತರ ಟಿ. ನರಸೀಪುರದ ಸಂಗಮದ ಬಳಿ ಗುರುತು ಸಿಗದ ಮಹಿಳೆಯ ಶವವೊಂದು ಕಾಣಿಸುತ್ತದೆ. ಇದು ನಾವು ಕಲ್ಪಿಸಿಕೊಂಡ ಉದಾಹರಣೆ. ಆದರೆ ನಂಜನಗೂಡನ್ನು ದಾಟಿದ ಕಪಿಲೆ ಕಾವೇರಿಯನ್ನು ಸೇರುವುದು ಟಿ. ನರಸೀಪುರದಲ್ಲೇ. ಹೀಗಾಗಿ ದೂರು ಒಂದು ಠಾಣೆಯಲ್ಲಿ, ಶವ ಇನ್ನೊಂದು ಠಾಣೆಯಲ್ಲಿ ದಾಖಲಾಗಬಹುದು. ಈ ಎರಡು ಕಡತಗಳು ಒಂದೇ ವ್ಯಕ್ತಿಯದ್ದೇ ಎಂದು ಹೇಳುವವರು ಯಾರು? ಹೇಗೆ? ಇದರ ಸುತ್ತ ಇರುವ ಕೆಲವು ನಂಬಿಕೆಗಳನ್ನು ಈ ಲೇಖನದಲ್ಲಿ ಒಂದೊಂದಾಗಿ ನೋಡೋಣ.

ನಂಬಿಕೆ 1: 24 ಗಂಟೆ ಕಳೆದ ಮೇಲೆಯೇ ದೂರು ಕೊಡಬೇಕು

ಇದು ತಪ್ಪು. ಹೀಗೆ ಕಾಯಬೇಕೆಂದು ಹೇಳುವ ಕಾನೂನು ಭಾರತದಲ್ಲಿಲ್ಲ. "ಬರ್ತಾಳೆ ಬಿಡಿ, ನಾಳೆ ನೋಡೋಣ" ಎಂದು ಮನೆಯವರೂ ಸುಮ್ಮನಿರಬಾರದು, ಠಾಣೆಯವರೂ ವಾಪಸ್ ಕಳಿಸಬಾರದು. ಮೊಬೈಲ್ ಕೊನೆಯದಾಗಿ ಯಾವ ಟವರ್‌ನಲ್ಲಿತ್ತು, ಬಸ್ ನಿಲ್ದಾಣದ ಸಿಸಿಟಿವಿಯಲ್ಲಿ ಏನಿದೆ, ಅವಳನ್ನು ಕಂಡವರಿಗೆ ಏನು ನೆನಪಿದೆ ಎಂಬುದೆಲ್ಲ ಮೊದಲ ಕೆಲವು ಗಂಟೆಗಳಲ್ಲೇ ಚೆನ್ನಾಗಿ ಸಿಗುತ್ತದೆ. ಹೆಚ್ಚಿನ ಸಿಸಿಟಿವಿಗಳಲ್ಲಿ ಕೆಲವು ದಿನ ಅಥವಾ ವಾರಗಳ ನಂತರ ಹಳೆಯ ದೃಶ್ಯದ ಮೇಲೆ ಹೊಸದು ದಾಖಲಾಗುತ್ತದೆ. ಆ ಮೇಲೆ ಕೇಳಿದರೆ ಸಿಗುವುದಿಲ್ಲ.

"ಇದು ನಮ್ಮ ವ್ಯಾಪ್ತಿಗೆ ಬರಲ್ಲ" ಎಂಬ ಉತ್ತರವೂ ಸರಿಯಲ್ಲ. ಅಪಹರಣದಂತಹ ಅಪರಾಧದ ಮಾಹಿತಿ ಕೊಟ್ಟರೆ ಯಾವ ಠಾಣೆಯಾದರೂ ದಾಖಲಿಸಿಕೊಂಡು ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಇದನ್ನು 'ಝೀರೋ ಎಫ್‌ಐಆರ್' ಎನ್ನುತ್ತಾರೆ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್‌ನಲ್ಲಿ ಇದಕ್ಕೆ ಅವಕಾಶವಿದೆ. ತುರ್ತು ಇದ್ದರೆ 112ಕ್ಕೆ ಕರೆ ಮಾಡಬಹುದು.

ನಂಬಿಕೆ 2: ವಯಸ್ಸಿಗೆ ಬಂದ ಹುಡುಗಿ ಕಾಣೆಯಾದರೆ ಓಡಿಹೋಗಿದ್ದಾಳೆ ಎಂದೇ ಅರ್ಥ

ಕೆಲವರು ತಾವಾಗಿಯೇ ಮನೆ ಬಿಡುವುದು ನಿಜ. ಆದರೆ ಅದನ್ನೇ ಉತ್ತರವೆಂದು ಒಪ್ಪಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆಯಿದೆ. 2009ರಲ್ಲಿ ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಯುವತಿಯೊಬ್ಬರು ಕಾಣೆಯಾದರು. ಅನ್ಯಧರ್ಮದ ಹುಡುಗನ ಜೊತೆ ಹೋಗಿದ್ದಾರೆ ಎಂಬ ವದಂತಿ ಹಬ್ಬಿ ಪ್ರತಿಭಟನೆಯೂ ನಡೆಯಿತು. ಪೊಲೀಸರು ಮೊಬೈಲ್ ಕರೆಗಳ ವಿವರ ಹಿಡಿದು ಹೊರಟಾಗ ಸಿಕ್ಕಿದ್ದು ಬೇರೆಯೇ ಸತ್ಯ. ಶಿಕ್ಷಕನಾಗಿದ್ದ ಮೋಹನ್ ಕುಮಾರ್ ಎಂಬಾತ ಮದುವೆಯಾಗುವುದಾಗಿ ನಂಬಿಸಿ ಯುವತಿಯರನ್ನು ಬೇರೆ ಊರಿಗೆ ಕರೆದೊಯ್ಯುತ್ತಿದ್ದ. ಗರ್ಭನಿರೋಧಕ ಮಾತ್ರೆ ಎಂದು ಸಯನೈಡ್ ಕೊಟ್ಟು, ಅವರ ಒಡವೆಗಳೊಂದಿಗೆ ಮಾಯವಾಗುತ್ತಿದ್ದ. ಇಪ್ಪತ್ತು ಮಹಿಳೆಯರ ಕೊಲೆ ಪ್ರಕರಣಗಳು ಅವನ ಮೇಲೆ ದಾಖಲಾದವು. ಮೊದಲ ಶಿಕ್ಷೆ 2013ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು.

ಇಲ್ಲಿ ಗಮನಿಸಬೇಕಾದ ವಿಷಯ ಇನ್ನೊಂದಿದೆ. ಈ ಮಹಿಳೆಯರಲ್ಲಿ ಅನೇಕರ ಶವಗಳು ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಸಿಕ್ಕಿದ್ದವು, ಮೈಸೂರಿನಲ್ಲಿಯೂ ಸಿಕ್ಕಿದ್ದವು. ಅಂದರೆ ಶವ ಕಾಣೆಯಾಗಿರಲಿಲ್ಲ. ಮೈಸೂರಿನ ಕಡತದಲ್ಲಿ ಅವರು 'ಅಪರಿಚಿತ ಮಹಿಳೆ', ಊರಿನ ಕಡತದಲ್ಲಿ 'ಕಾಣೆಯಾದವರು'. ಎರಡನ್ನೂ ಜೋಡಿಸುವವರು ಇರಲಿಲ್ಲ, ಅಷ್ಟೇ.

ನಂಬಿಕೆ 3: ಸೀರೆ, ಚಪ್ಪಲಿ ನೋಡಿ ಮನೆಯವರು ಗುರುತಿಸಿದರೆ ಸಾಕು

ಸಾಲದು. ಮಾರುಕಟ್ಟೆಯಲ್ಲಿ ಒಂದೇ ಬಗೆಯ ಸೀರೆ, ಚಪ್ಪಲಿ ಸಾವಿರಾರು ಜನರ ಬಳಿ ಇರುತ್ತವೆ. ನೀರಿನಲ್ಲಿ ಮುಳುಗಿದ ಶವ ಕೊಳೆಯುವಾಗ ಹುಟ್ಟುವ ಅನಿಲದಿಂದ ಕೆಲವು ದಿನಗಳಲ್ಲಿ ಮೇಲೆ ಬರುತ್ತದೆ. ಅಷ್ಟರಲ್ಲಿ ಮುಖ ಊದಿಕೊಂಡು ಬಣ್ಣ ಬದಲಾಗಿರುತ್ತದೆ. ಹೆತ್ತ ತಾಯಿಯೂ ತಪ್ಪಾಗಿ ಗುರುತಿಸಬಹುದು.

ಹಾಗಾಗಿ ವಿಜ್ಞಾನ ಹಂತ ಹಂತವಾಗಿ ಹೋಗುತ್ತದೆ. ಅಸ್ಥಿಪಂಜರವಾಗಿದ್ದರೆ ಸೊಂಟದ ಮೂಳೆಯ ಆಕಾರದಿಂದ ಹೆಣ್ಣೋ ಗಂಡೋ, ತೊಡೆಮೂಳೆಯ ಉದ್ದದಿಂದ ಸುಮಾರು ಎತ್ತರ, ಮೂಳೆ ಮತ್ತು ಹಲ್ಲಿನ ಬೆಳವಣಿಗೆಯಿಂದ ಅಂದಾಜು ವಯಸ್ಸು ತಿಳಿಯುತ್ತದೆ. ಇವೆಲ್ಲ 'ಇವರು ಇರಬಹುದು' ಎನ್ನುತ್ತವೆ, 'ಇವರೇ' ಎನ್ನುವುದಿಲ್ಲ. ಅದಕ್ಕೆ ಡಿಎನ್‌ಎ ಬೇಕು. ದವಡೆ ಹಲ್ಲು ಅಥವಾ ತೊಡೆಮೂಳೆಯಿಂದ ಡಿಎನ್‌ಎ ತೆಗೆದು ತಂದೆ-ತಾಯಿಯ ರಕ್ತದ ಮಾದರಿಯೊಂದಿಗೆ ಹೋಲಿಸುತ್ತಾರೆ. ಮಕ್ಕಳ ಡಿಎನ್‌ಎಯಲ್ಲಿ ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬಂದಿರುತ್ತದೆ. ಮೂಳೆ ತುಂಬ ಹಳೆಯದಾಗಿದ್ದರೆ ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯದ ಡಿಎನ್‌ಎ ನೆರವಿಗೆ ಬರುತ್ತದೆ.

ಈ ಹಂತವನ್ನು ಲೆಕ್ಕಿಸದಿದ್ದರೆ? ಕುಶಾಲನಗರದ ಬಳಿ 2020ರಲ್ಲಿ ಗೃಹಿಣಿಯೊಬ್ಬರು ಕಾಣೆಯಾದರು. ನಂತರ ಮೈಸೂರು ಜಿಲ್ಲೆಯ ಬೆಟ್ಟದಪುರ ಠಾಣೆ ವ್ಯಾಪ್ತಿಯಲ್ಲಿ ಸಿಕ್ಕ ಅಸ್ಥಿಪಂಜರ ಅವರದೇ ಎಂದು ಪೊಲೀಸರು ಗಂಡನನ್ನು ಕೊಲೆ ಆರೋಪದಲ್ಲಿ ಬಂಧಿಸಿದರು. ಡಿಎನ್‌ಎ ಹೊಂದಿಕೆಯಾಗಲಿಲ್ಲ, ಆದರೂ ವಿಚಾರಣೆ ಮುಂದುವರಿಯಿತು. ಆತ ಒಂದು ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದರು. 2025ರ ಏಪ್ರಿಲ್‌ನಲ್ಲಿ ಆ ಮಹಿಳೆ ಮಡಿಕೇರಿಯಲ್ಲಿ ಜೀವಂತವಾಗಿ ಕಾಣಿಸಿದರು. ಮೈಸೂರಿನ ನ್ಯಾಯಾಲಯ ಗಂಡನನ್ನು ಖುಲಾಸೆಗೊಳಿಸಿತು. ಆದರೆ ಆ ಅಸ್ಥಿಪಂಜರ ಹಾಗಾದರೆ ಯಾರದು? ಬೇರೆ ಯಾವುದೋ ಮನೆಯ ಹೆಣ್ಣುಮಗಳಿಗಾಗಿ ಯಾರೋ ಕಾಯುತ್ತಿರಬಹುದು.

ನಂಬಿಕೆ 4: ಶವ ಸಿಗದೆ ಕೊಲೆ ಸಾಬೀತಾಗುವುದಿಲ್ಲ

ಇದೂ ಪೂರ್ತಿ ನಿಜವಲ್ಲ. ಸಾವು ಸಂಭವಿಸಿದೆ ಎಂಬುದು ಬಲವಾದ ಸಾಂದರ್ಭಿಕ ಸಾಕ್ಷ್ಯದಿಂದ ಸಾಬೀತಾದರೆ ಶವವಿಲ್ಲದೆಯೂ ಶಿಕ್ಷೆ ವಿಧಿಸಬಹುದು ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಇಲ್ಲದಿದ್ದರೆ ಶವವನ್ನು ಚೆನ್ನಾಗಿ ಬಚ್ಚಿಟ್ಟವನೇ ಗೆದ್ದಂತೆ. ಆದರೂ ನ್ಯಾಯಾಲಯಗಳು ಎಚ್ಚರ ವಹಿಸಲು ಕಾರಣವಿದೆ. 1660ರಲ್ಲಿ ಇಂಗ್ಲೆಂಡಿನ ಕ್ಯಾಂಪ್‌ಡನ್‌ನಲ್ಲಿ ವಿಲಿಯಂ ಹ್ಯಾರಿಸನ್ ಎಂಬಾತ ಕಾಣೆಯಾದ. ಅವನನ್ನು ಕೊಂದರೆಂದು ಮೂವರನ್ನು ಗಲ್ಲಿಗೇರಿಸಿದರು. 1662ರಲ್ಲಿ ಹ್ಯಾರಿಸನ್ ಜೀವಂತವಾಗಿ ಊರಿಗೆ ಬಂದ!

ಏಳು ವರ್ಷ ಸುಳಿವಿಲ್ಲದಿದ್ದರೆ ವ್ಯಕ್ತಿ ಸತ್ತಿದ್ದಾರೆ ಎಂದು ಭಾವಿಸಲು ಸಾಕ್ಷ್ಯ ಕಾನೂನು ಅವಕಾಶ ಕೊಡುತ್ತದೆ. ಅದು ಆಸ್ತಿ, ವಿಮೆಯಂತಹ ವಿಷಯಗಳಿಗೆ ನೆರವಾಗುತ್ತದೆ. ಕೊಲೆ ನಡೆದಿದೆ ಎಂದು ಅದು ಹೇಳುವುದಿಲ್ಲ.

ಹಾಗಾದರೆ ನಾವು ಏನು ಮಾಡಬೇಕು?

ಕೂಡಲೇ ದೂರು ಕೊಟ್ಟು ಪ್ರತಿ ಪಡೆಯಿರಿ. ಇತ್ತೀಚಿನ ಫೋಟೋ, ಮೊಬೈಲ್ ಸಂಖ್ಯೆ, ಮಚ್ಚೆ, ಹಳೆಯ ಗಾಯ, ಶಸ್ತ್ರಚಿಕಿತ್ಸೆ, ಹಲ್ಲಿನ ಚಿಕಿತ್ಸೆಯ ವಿವರ ಕೊಡಿ. ಅವಳು ಬಳಸಿದ ಬಾಚಣಿಗೆ, ಹಲ್ಲುಜ್ಜುವ ಬ್ರಷ್ ತೊಳೆಯದೆ ಎತ್ತಿಡಿ. ಅಕ್ಕಪಕ್ಕದ ತಾಲ್ಲೂಕುಗಳಲ್ಲಿ ದಾಖಲಾದ ಅಪರಿಚಿತ ಶವಗಳ ಪ್ರಕರಣಗಳನ್ನು ಹೋಲಿಸಿದ್ದೀರಾ ಎಂದು ತನಿಖಾಧಿಕಾರಿಯನ್ನು ಕೇಳಿ. ಶವ ತೋರಿಸಿ "ಇವರೇನಾ?" ಎಂದರೆ, ಅನುಮಾನವಿದ್ದರೂ ಇಲ್ಲದಿದ್ದರೂ ಡಿಎನ್‌ಎ ಪರೀಕ್ಷೆ ಮಾಡಿಸುವಂತೆ ಕೋರಿ. ಅವಳ ನಡತೆಯ ಬಗ್ಗೆ ವದಂತಿ ಬಂದರೆ ವಾಟ್ಸ್ಆ್ಯಪ್‌ನಲ್ಲಿ ಮುಂದಕ್ಕೆ ಕಳಿಸಬೇಡಿ. ಅದು ಹುಡುಕಾಟವನ್ನೇ ದಾರಿ ತಪ್ಪಿಸುತ್ತದೆ.